ಹದಿನಾರಿನ ಕೆರೆಗೆ ಹೋದವರು ತಂಗುವುದೆಲ್ಲಿ?

ಪ್ರವಾಸದ ಮಾತು ಬಂದಾಗ ಸಂಸಾರಸ್ಥರ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ 'ನೋಡುವುದೇನನ್ನು?' ಎಂಬುದಲ್ಲ, 'ಇಳಿದುಕೊಳ್ಳುವುದೆಲ್ಲಿ?' ಎಂಬುದು. ಬಚ್ಚಲಿನಲ್ಲಿ ಬಿಸಿನೀರು ಬರುವುದೇ, ವಯಸ್ಸಾದವರು ಮಹಡಿ ಹತ್ತಬೇಕಾಗುವುದೇ, ಮಗುವಿಗೆ ರಾತ್ರಿ ಹೊತ್ತು ಒಂದು ಲೋಟ ಹಾಲು ಸಿಗುವುದೇ, ಇವೆಲ್ಲ ತೀರ್ಮಾನವಾದ ಮೇಲೆಯೇ ಊರಿನ ಹೆಸರಿಗೆ ಬೆಲೆ. ಇದರಲ್ಲಿ ತಪ್ಪೇನೂ ಇಲ್ಲ. ಬೇಲೂರಿನ ಶಿಲಾಬಾಲಿಕೆಯರು ಎಂದು ಹೋದರೂ ನಿಂತಲ್ಲಿಯೇ ನಿಂತಿರುತ್ತಾರೆ. ಮೈಸೂರಿನ ಅರಮನೆ ನಾಳೆ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಗುವುದಿಲ್ಲ. ಎಲ್ಲಿ ಇಳಿದುಕೊಂಡರೂ ಅವನ್ನು ನೋಡಿ ಬರಬಹುದು.

ಆದರೆ ನೋಡಹೊರಟದ್ದೇ ಒಂದು ಸಂಚಾರಿಯಾದರೆ? ಇಂದು ಇಲ್ಲಿದ್ದು ಮುಂದಿನ ತಿಂಗಳು ಸಾವಿರಾರು ಮೈಲಿ ಆಚೆ ಇರುವಂಥ ಜೀವವಾದರೆ? ಆಗ ಇಳಿದುಕೊಳ್ಳುವ ಪ್ರಶ್ನೆ ಬರಿಯ ಬಿಸಿನೀರಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಏನು ಕಾಣುತ್ತದೆ, ಏನು ತಪ್ಪಿಹೋಗುತ್ತದೆ ಎಂಬುದೆಲ್ಲ ಅದರ ಮೇಲೆಯೇ ನಿಲ್ಲುತ್ತದೆ.

ಜಗತ್ತಿನಲ್ಲಿ ಇದಕ್ಕೆ ಹೆಸರಾದ ಉದಾಹರಣೆ ಆಫ್ರಿಕ ಖಂಡದ್ದು. ಟಾಂಜಾನಿಯದ ಸೆರೆಂಗೆಟಿ ಮತ್ತು ಅದಕ್ಕೆ ಉತ್ತರದಲ್ಲಿ ಹೊಂದಿಕೊಂಡಿರುವ ಕೆನ್ಯಾದ ಮಸಾಯಿ ಮಾರ ಬಯಲುಗಳಲ್ಲಿ ವೈಲ್ಡ್‌ಬೀಸ್ಟ್ ಎಂಬ ಪ್ರಾಣಿಗಳಿವೆ. ಮುಖ ದನದ್ದು, ಗಡ್ಡ ಹೋತದ್ದು, ಜಾತಿ ಮಾತ್ರ ಹುಲ್ಲೆಯದು. ಇವು ಲಕ್ಷಗಟ್ಟಲೆ ಸೇರಿ, ಜೀಬ್ರಾಗಳನ್ನು ಜೊತೆಮಾಡಿಕೊಂಡು, ಮಳೆಯನ್ನೂ ಹಸಿರನ್ನೂ ಅರಸುತ್ತ ವರ್ಷವಿಡೀ ಒಂದು ದೊಡ್ಡ ಸುತ್ತು ಹಾಕುತ್ತವೆ. ವರ್ಷಾರಂಭದ ತಿಂಗಳುಗಳಲ್ಲಿ ದಕ್ಷಿಣದ ಬಯಲಿನಲ್ಲಿ ಕರು ಹಾಕುತ್ತವೆ. ಮೇ ಜೂನ್ ಹೊತ್ತಿಗೆ ಪಶ್ಚಿಮದ ಗ್ರುಮೆಟಿ ನದಿಯ ಕಡೆ ಸಾಗುತ್ತವೆ. ಜುಲೈಯಿಂದ ಅಕ್ಟೋಬರ್‌ವರೆಗೆ ಉತ್ತರದಲ್ಲಿದ್ದು, ಮೊಸಳೆಗಳಿಗೆ ಅಂಜದೆ ಮಾರ ನದಿಯನ್ನು ದಾಟುತ್ತವೆ. ನವೆಂಬರಿನ ಮಳೆ ಬಿದ್ದೊಡನೆ ಮತ್ತೆ ದಕ್ಷಿಣಕ್ಕೆ ಮುಖ. ಆಗಸ್ಟ್ ತಿಂಗಳಿನಲ್ಲಿ ದಕ್ಷಿಣದ ಬಯಲಿನಲ್ಲಿ ಕೊಠಡಿ ಹಿಡಿದವನಿಗೆ ಒಣಗಿದ ಹುಲ್ಲು ಕಂಡೀತೇ ಹೊರತು ಆ ಮಹಾಯಾತ್ರೆ ಕಾಣದು. ಆದುದರಿಂದಲೇ ಅಲ್ಲಿ ಕೆಲವರು ಕಲ್ಲುಗಾರೆಯ ವಸತಿ ಕಟ್ಟುವುದಿಲ್ಲ, ಡೇರೆ ಹಾಕುತ್ತಾರೆ. ಹಿಂಡು ಮುಂದಕ್ಕೆ ಸಾಗಿದಂತೆ ಡೇರೆಯೂ ಕಿತ್ತು ಮುಂದಕ್ಕೆ ಸಾಗುತ್ತದೆ.

ಅಲ್ಲಿಯೇ ಇದರ ಇನ್ನೊಂದು ಮುಖವೂ ಕಂಡಿತು. 2025ರಲ್ಲಿ ಮಸಾಯಿ ಮಾರದಲ್ಲಿ ಹೊಸದಾಗಿ ಎದ್ದ ವೈಭವದ ವಸತಿಯೊಂದು ಪ್ರಾಣಿಗಳು ಓಡಾಡುವ ದಾರಿಗೇ ಅಡ್ಡವಾಗಿದೆಯೆಂಬ ದೂರು ನ್ಯಾಯಾಲಯದ ಮೆಟ್ಟಿಲೇರಿತು. ಸರಿ ತಪ್ಪುಗಳ ಮಾತು ಹಾಗಿರಲಿ. ನೋಡಲು ಬಂದವನ ಹಾಸಿಗೆಯೇ ನೋಡಬೇಕಾದ ಪ್ರಾಣಿಯ ಹಾದಿಯನ್ನು ಕಟ್ಟಬಹುದೆಂಬ ಶಂಕೆ ಹುಟ್ಟಿತಲ್ಲ, ಅದು ಗಮನಿಸತಕ್ಕ ಸಂಗತಿ.

ಅಷ್ಟು ದೂರದ ಮಾತನ್ನು ಇಲ್ಲಿ ತೆಗೆಯಲು ಕಾರಣವುಂಟು. ಮೈಸೂರಿಗೆ ಆಗ್ನೇಯದಲ್ಲಿ, ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವೆ ಹದಿನಾರು ಎಂಬ ಗ್ರಾಮವಿದೆ. ಮೈಸೂರಿನಿಂದ ಮೋಟಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಆ ಊರಿನ ಕೆರೆಗೆ ಪ್ರತಿ ಚಳಿಗಾಲದಲ್ಲಿಯೂ ಹಿಮಾಲಯವನ್ನು ದಾಟಿ ಬರುವ ಅತಿಥಿಗಳುಂಟು. ವೈಲ್ಡ್‌ಬೀಸ್ಟ್ ದಾಟುವುದು ಒಂದು ನದಿಯನ್ನು. ಇವು ದಾಟುವುದು ಜಗತ್ತಿನಲ್ಲೇ ಎತ್ತರವಾದ ಪರ್ವತಶ್ರೇಣಿಯನ್ನು.

* * *

ಈ ಅತಿಥಿಯ ಹೆಸರು ಪಟ್ಟೆತಲೆ ಹೆಬ್ಬಾತು. ಸಾಕಿದ ಬಾತಿಗಿಂತ ದೊಡ್ಡದು. ತೂಕ ಎರಡರಿಂದ ಮೂರು ಕಿಲೋಗ್ರಾಂ. ಮೈ ಬೂದು, ತಲೆ ಬಿಳುಪು, ಕೊಕ್ಕು ಮತ್ತು ಕಾಲು ಕಿತ್ತಳೆಯ ಛಾಯೆಯ ಹಳದಿ. ಬಿಳಿಯ ತಲೆಯ ಹಿಂಬದಿಯಲ್ಲಿ ಅಡ್ಡಲಾಗಿ ಎರಡು ಕರಿಯ ಪಟ್ಟೆಗಳಿರುವುದರಿಂದ ಈ ಹೆಸರು. ಒಮ್ಮೆ ನೋಡಿದ ಮಗು ಮತ್ತೆ ಮರೆಯುವಂತಿಲ್ಲ.

ಇದರ ತೌರು ಮಂಗೋಲಿಯ, ಟಿಬೆಟ್, ಚೀನದ ಚಿಂಗ್‌ಹಾಯ್ ಸರೋವರ ಮೊದಲಾದ ಎತ್ತರದ ಸೀಮೆ. ಭಾರತದೊಳಗೆ ಲಡಾಖಿನ ತ್ಸೊ ಮೊರಿರಿ ಮುಂತಾದ ಸರೋವರಗಳ ಬಳಿಯೂ ಮೊಟ್ಟೆಯಿಟ್ಟು ಮರಿಮಾಡುತ್ತದೆ. ಅಲ್ಲಿ ನೀರು ಹೆಪ್ಪುಗಟ್ಟುವ ಕಾಲಕ್ಕೆ ದಕ್ಷಿಣಕ್ಕೆ ಹೊರಡುತ್ತದೆ. ಮಾನಸಸರೋವರಕ್ಕೆ ಸಂಚರಿಸುವ ಹಂಸಗಳ ಮಾತು ಸಂಸ್ಕೃತ ಕಾವ್ಯಗಳಲ್ಲಿ ಬರುತ್ತದೆಯಷ್ಟೆ. ಆ ಹಂಸ ಈ ಹಕ್ಕಿಯೇ ಇರಬೇಕೆಂದು ಊಹಿಸುವವರೂ ಇದ್ದಾರೆ.

ಹಿಮಾಲಯವನ್ನು ಇದು ದಾಟುವ ಬಗೆ ವಿಜ್ಞಾನಿಗಳಿಗೂ ಬಹುಕಾಲ ಒಗಟಾಗಿತ್ತು. ಹಕ್ಕಿಗಳ ಬೆನ್ನಿಗೆ ಸಣ್ಣ ಯಂತ್ರ ಕಟ್ಟಿ, ಉಪಗ್ರಹದ ಮೂಲಕ ಹಿಂಬಾಲಿಸಿ ನಡೆಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ದಕ್ಷಿಣದ ಬಯಲಿನಿಂದ ಹಿಂದಿರುಗುವಾಗ ಏಳೆಂಟು ಗಂಟೆಗಳೊಳಗೆ ನಾಲ್ಕರಿಂದ ಆರು ಸಾವಿರ ಮೀಟರು ಎತ್ತರವನ್ನು ಈ ಹಕ್ಕಿ ರೆಕ್ಕೆ ಬಡಿದೇ ಏರುತ್ತದೆಂದು ಅದರಿಂದ ತಿಳಿಯಿತು. ಮೇಲಕ್ಕೆತ್ತುವ ಗಾಳಿಯ ನೆರವಿಗೆ ಕಾಯುವುದಿಲ್ಲ. ಗಾಳಿ ತಣ್ಣಗೆ, ದಟ್ಟವಾಗಿರುವ ರಾತ್ರಿಯನ್ನೂ ಮುಂಜಾವನ್ನೂ ಆರಿಸಿಕೊಳ್ಳುತ್ತದೆ. 2015ರ ಮತ್ತೊಂದು ಅಧ್ಯಯನ ಇನ್ನೊಂದು ಸಂಗತಿಯನ್ನು ತೋರಿಸಿತು. ಹಕ್ಕಿ ಒಂದೇ ಎತ್ತರದಲ್ಲಿ ಹಾರದೆ, ಬೆಟ್ಟ ಏರಿದಲ್ಲಿ ತಾನೂ ಏರಿ, ಕಣಿವೆ ಇಳಿದಲ್ಲಿ ತಾನೂ ಇಳಿದು ಸಾಗುತ್ತದೆ. ಏರಿದ್ದನ್ನು ಕಳೆದುಕೊಂಡು ಮತ್ತೆ ಏರುವುದು ನಷ್ಟವೆಂದು ತೋರಿದರೂ, ತೆಳುಗಾಳಿಯಲ್ಲಿ ಎತ್ತರ ಕಾದುಕೊಂಡು ಹಾರುವುದಕ್ಕಿಂತ ಅದರಲ್ಲಿಯೇ ಶ್ರಮ ಕಡಿಮೆ. ಇದರ ರಕ್ತ ಇತರ ಬಾತುಗಳ ರಕ್ತಕ್ಕಿಂತ ಚೆನ್ನಾಗಿ ಪ್ರಾಣವಾಯುವನ್ನು ಹಿಡಿದುಕೊಳ್ಳಬಲ್ಲದು; ಶ್ವಾಸಕೋಶವೂ ದೊಡ್ಡದು.

ಎಲ್ಲ ಹೆಬ್ಬಾತುಗಳೂ ಇಷ್ಟು ದೂರ ಬರುವುದಿಲ್ಲ. ಅನೇಕವು ದಕ್ಷಿಣ ಟಿಬೆಟ್ಟಿನ ನದೀಕಣಿವೆಗಳಲ್ಲಿಯೇ ಚಳಿಗಾಲ ಕಳೆಯುತ್ತವೆ. ಕೆಲವು ಉತ್ತರ ಭಾರತದಲ್ಲಿ ನಿಲ್ಲುತ್ತವೆ. ಇನ್ನು ಕೆಲವು ಕರ್ನಾಟಕಕ್ಕೂ ತಮಿಳುನಾಡಿಗೂ ಬರುತ್ತವೆ. ಹಾಗೆಂದ ಮೇಲೆ ತಂಗುದಾಣವನ್ನು ಆರಿಸುವ ಚಿಂತೆ ಪ್ರವಾಸಿಗೆ ಮಾತ್ರ ಉಂಟೆಂದು ತಿಳಿಯಬಾರದು; ಹಕ್ಕಿಗೂ ಉಂಟು. ಮಂಗೋಲಿಯದಲ್ಲಿ ಅಕ್ಷರ ಮತ್ತು ಅಂಕಿಗಳಿರುವ ಪಟ್ಟಿಯನ್ನು ಕೊರಳಿಗೆ ತೊಡಿಸಿ ಬಿಟ್ಟ ಹೆಬ್ಬಾತುಗಳು ಮೈಸೂರು ಸೀಮೆಯ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ದುರ್ಬೀನಿನಲ್ಲಿ ಆ ಪಟ್ಟಿಯನ್ನು ಓದಿದವರು, ಹಕ್ಕಿ ಯಾವ ನಾಡಿನಿಂದ ಬಂದಿತೆಂದು ಬೆರಳು ಮಾಡಿ ಹೇಳಬಲ್ಲವರಾದರು.

ಕನ್ನಡ ನಾಡಿನಲ್ಲಿ ಇವು ಹೆಚ್ಚಾಗಿ ಇಳಿಯುವ ತಾಣಗಳಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಅಗ್ರಸ್ಥಾನ. 2024ರಲ್ಲಿ ಅದಕ್ಕೆ ರಾಮ್ಸಾರ್ ತಾಣವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರಕಿತು. ದಕ್ಷಿಣದಲ್ಲಿ ಹದಿನಾರು, ನಂಜನಗೂಡು ತಾಲ್ಲೂಕಿನದೇ ಆದ ನರಸಾಂಬುಧಿ, ಕೊಳ್ಳೇಗಾಲದ ಕಡೆಯ ಕುಂತೂರು ಕೆರೆ ಇವು ಹೆಸರಾದವು. ಹದಿನಾರಿಗೆ ನವೆಂಬರಿನಲ್ಲಿ ಮೊದಲ ಗುಂಪುಗಳು ಬರುತ್ತವೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಸಂಖ್ಯೆ ಏರುತ್ತದೆ. ನೀರು ಮೇವು ಅನುಕೂಲವಾದ ವರ್ಷ ಸಾವಿರವನ್ನು ಮೀರುವುದೂ ಉಂಟು. ಫೆಬ್ರವರಿ ಕಳೆಯುತ್ತಲೇ ಕೆರೆ ತೆರವಾಗತೊಡಗುತ್ತದೆ.

ಇಲ್ಲಿ ಇತಿಹಾಸದ ಒಂದು ಮಾತನ್ನೂ ಹೇಳಬಹುದು. ಮೈಸೂರು ಒಡೆಯರ ವಂಶದ ಕಥೆ ಮೊದಲಾಗುವುದು ಈ ಸೀಮೆಯಿಂದಲೇ ಎಂದು ಐತಿಹ್ಯ. ದ್ವಾರಕೆಯ ಕಡೆಯಿಂದ ಬಂದ ಯದುರಾಯ, ಕೃಷ್ಣರಾಯ ಎಂಬ ಅಣ್ಣತಮ್ಮಂದಿರು, ಹದಿನಾಡಿನ ದೊರೆಯ ಮನೆತನಕ್ಕೆ ಕಾಟ ಕೊಡುತ್ತಿದ್ದ ಕಾರುಗಹಳ್ಳಿಯ ಮಾರನಾಯಕನನ್ನು ಕೊಂದರು. ಯದುರಾಯನು ಆ ಮನೆಯ ಮಗಳನ್ನು ವಿವಾಹವಾಗಿ 1399ರಲ್ಲಿ ಅಧಿಕಾರಕ್ಕೆ ಬಂದನಂತೆ. ಹದಿನಾಡು ಎಂಬುದು ಈ ಹದಿನಾರೇ ಎಂದು ವಾಡಿಕೆ. ಉತ್ತರದಿಂದ ಬಂದವರಿಗೆ ನೆಲೆ ಕೊಡುವುದು ಈ ಊರಿಗೆ ಹೊಸದಲ್ಲವೆಂದಾಯಿತು.

* * *

ಇನ್ನು ತಂಗುವ ಮಾತಿಗೆ ಬರಬಹುದು. ಬೆಂಗಳೂರಿನ ಒಂದು ಸಂಸಾರವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಇಂಥ ಸಂಸಾರಗಳು ಜಯನಗರ, ಮಲ್ಲೇಶ್ವರಗಳಲ್ಲಿ ಬೀದಿಗೆ ನಾಲ್ಕು ಸಿಗುತ್ತವೆ. ಯಜಮಾನರು, ಗೃಹಿಣಿ, ಎಂಟು ವರ್ಷದ ಮಗಳು, ಯಜಮಾನರ ತಾಯಿ. ಹೋದ ವರ್ಷದ ಜನವರಿಯಲ್ಲಿ ಅವರು ಹದಿನಾರಿಗೆ ಹೋಗಿ ಬಂದದ್ದುಂಟು. 'ಹೊಸ ಹೆದ್ದಾರಿಯಾಗಿದೆ, ಬೆಳಗ್ಗೆ ಹೊರಟರೆ ಸಂಜೆಗೆ ಮನೆ. ರಾತ್ರಿ ತಂಗುವ ಖರ್ಚು ಯಾಕೆ?' ಎಂಬುದು ಯಜಮಾನರ ಲೆಕ್ಕ. ತಿಂಡಿ ಮುಗಿಸಿ ಹೊರಟು, ದಾರಿಯಲ್ಲಿ ಕಾಫಿ ಕುಡಿದು, ಮೈಸೂರು ದಾಟಿ, ಕೆರೆಯ ಏರಿ ಮುಟ್ಟುವ ಹೊತ್ತಿಗೆ ಹನ್ನೊಂದೂವರೆ.

ಹಕ್ಕಿಗಳೇನೋ ಇದ್ದವು. ದೂರದ ದಡದಲ್ಲಿ ಬೂದುಗುಂಡುಗಳನ್ನು ಜೋಡಿಸಿಟ್ಟಂತೆ, ಕೊರಳನ್ನು ಬೆನ್ನಿಗೆ ಮಡಚಿ ನಿದ್ರಿಸುತ್ತಿದ್ದವು. ಆ ನಿದ್ರೆ ನೋಡಿ ಬೇಸತ್ತ ಇಬ್ಬರು ತರುಣರು, ಹಾರುವ ಚಿತ್ರ ಬೇಕೆಂದು ಪ್ಯಾಂಟು ಮಡಚಿ ನೀರಿಗಿಳಿದು ಚಪ್ಪಾಳೆ ತಟ್ಟಿದರು. ಇಡೀ ಹಿಂಡು ಒಮ್ಮೆಲೇ ಎದ್ದಿತು. ಎರಡು ಸುತ್ತು ಹಾಕಿತು. ಮೂರನೆಯ ಸುತ್ತು ಹಾಕಲಿಲ್ಲ.

"ಅಮ್ಮಾ, ನಾವು ಬಂದಿದ್ದಕ್ಕೇ ಅವು ಹೋಗಿಬಿಟ್ಟವಾ?" ಎಂದು ಮಗಳು ಕೇಳಿದಳು.

ಗೃಹಿಣಿಗೆ ಉತ್ತರ ಹೊಳೆಯಲಿಲ್ಲ. ಹಿಂದಿರುಗುವ ದಾರಿಯಲ್ಲಿ ಅಜ್ಜಿ ಮಾತ್ರ, "ಮಲಗಿದ್ದವರನ್ನ ಎಬ್ಬಿಸಿದರೆ ನಮ್ಮನೆಗೆ ಬಂದ ನೆಂಟರೂ ಹೊರಟು ಹೋಗ್ತಾರೆ ಕಣೇ ಪುಟ್ಟಿ" ಎಂದರು.

ಇಲ್ಲಿ ತಪ್ಪು ಆ ಇಬ್ಬರು ತರುಣರದು ಮಾತ್ರವೇ? ಹೊತ್ತು ಮೀರಿ ಬಂದವನಿಗೆ ಕಾಣುವುದು ನಿದ್ರೆ. ನಿದ್ರೆ ಕಂಡವನಿಗೆ ಬೇಸರ. ಬೇಸರವಾದವನು ಕಲ್ಲೆಸೆಯುತ್ತಾನೆ, ಚಪ್ಪಾಳೆ ತಟ್ಟುತ್ತಾನೆ, ಈಚೆಗೆ ಡ್ರೋನ್ ಹಾರಿಸುವವರೂ ಇದ್ದಾರೆ. ಹೆಬ್ಬಾತಿನ ದಿನಚರಿ ಮನುಷ್ಯನ ದಿನಚರಿಗೆ ತಿರುಗುಮುರುಗು. ಹಗಲು ಕೆರೆಯಲ್ಲಿ ವಿಶ್ರಾಂತಿ. ಸಂಜೆ ಕತ್ತಲು ಇಳಿಯುವಾಗ ಗುಂಪುಗುಂಪಾಗಿ ಎದ್ದು ಸುತ್ತಣ ಗದ್ದೆಬಯಲುಗಳಿಗೆ ಮೇವಿಗೆ ಹೋಗುವುದು. ಕೊಯ್ಲಾದ ಗದ್ದೆಯಲ್ಲಿ ಉದುರಿದ ಕಾಳು, ಎಳೆಯ ಪೈರು, ಬದುವಿನ ಹುಲ್ಲು ಇವೇ ಅದರ ಊಟ. ಬೆಳಗಿನ ಜಾವ, ಸೂರ್ಯೋದಯದ ಆಸುಪಾಸಿನಲ್ಲಿ ಮತ್ತೆ ಕೆರೆಗೆ. 'ಆಂಗ್ ಆಂಗ್' ಎಂದು ಕೂಗುತ್ತ, ಆಕಾಶದಲ್ಲಿ ಓರೆಗೆರೆ ಎಳೆದಂತೆ ಸಾಲುಗಟ್ಟಿ ಬಂದು, ರೆಕ್ಕೆ ಮಡಚಿ ನೀರಿಗಿಳಿಯುವ ಆ ಅರ್ಧ ಗಂಟೆ, ಎದ್ದು ಹೊರಡುವ ಸಂಜೆಯ ಅರ್ಧ ಗಂಟೆ—ಇವೆರಡಕ್ಕಾಗಿಯೇ ಹದಿನಾರಿಗೆ ಹೋಗತಕ್ಕದ್ದು. ಬೆಂಗಳೂರಿನಿಂದ ಹೋಗಿ ಅಂದೇ ಹಿಂದಿರುಗುವವರಿಗೆ ಈ ಎರಡೂ ಒಟ್ಟಿಗೆ ದಕ್ಕುವುದು ಕಷ್ಟ. ಒಂದು ರಾತ್ರಿಯಾದರೂ ಆ ಸೀಮೆಯಲ್ಲಿ ತಂಗಲೇಬೇಕು.

* * *

ಹಾಗಾದರೆ ಎಲ್ಲಿ? ಹದಿನಾರು ಪ್ರವಾಸಿಗಳಿಗಾಗಿ ಹುಟ್ಟಿದ ಊರಲ್ಲ, ಬೇಸಾಯಗಾರರ ಊರು. ಕೆರೆಯ ಪಕ್ಕದಲ್ಲಿ ಡೇರೆ ಹಾಕುತ್ತೇವೆ, ಬೆಂಕಿ ಕಾಯಿಸಿಕೊಳ್ಳುತ್ತೇವೆ ಎಂಬ ಆಸೆಯನ್ನು ಮನೆಯಲ್ಲಿಯೇ ಬಿಟ್ಟು ಬರುವುದು ಒಳಿತು. ನೆಲೆ ಹೂಡಲು ಯೋಗ್ಯವಾದ ಊರುಗಳು ಸುತ್ತಲೂ ಮೂರಿವೆ.

ಮೊದಲನೆಯದು ಮೈಸೂರು. ಎಲ್ಲ ದರ್ಜೆಯ ಹೋಟೆಲುಗಳೂ, ಛತ್ರಗಳೂ ಅಲ್ಲಿವೆ. ವಯಸ್ಸಾದವರಿಗೆ, ಕೈಗೂಸು ಇರುವವರಿಗೆ ಅನುಕೂಲ. ವೈದ್ಯರು, ಔಷಧಿ, ಹಾಲು ಯಾವುದಕ್ಕೂ ಪರದಾಡಬೇಕಾಗಿಲ್ಲ. ತೊಡಕು ಒಂದೇ. ಜನವರಿಯಲ್ಲಿ ಸೂರ್ಯೋದಯ ಸುಮಾರು ಆರೂ ಮುಕ್ಕಾಲಕ್ಕೆ. ಅದಕ್ಕೆ ಮುಂಚೆ ಕೆರೆಯ ಬಳಿ ಇರಬೇಕಾದರೆ ಐದು ಗಂಟೆಗೆಲ್ಲ ಕೊಠಡಿ ಬಿಡಬೇಕು. ಮಕ್ಕಳನ್ನು ಆ ಚಳಿಯಲ್ಲಿ ಎಬ್ಬಿಸಿ, ಸ್ವೆಟರು ತೊಡಿಸಿ, ಮಂಜಿನಲ್ಲಿ ಹಳ್ಳಿಯ ದಾರಿ ಹಿಡಿಯುವ ಧೈರ್ಯವಿದ್ದವರಿಗೆ ಮೈಸೂರು ಸರಿ. ಧೈರ್ಯವಿಲ್ಲದವರು ಅಲ್ಲಿ ತಂಗಿದರೆ ನಡೆಯುವುದಿಷ್ಟೆ: ಬೆಳಗ್ಗೆ ಇಡ್ಲಿ, ಹತ್ತು ಗಂಟೆಗೆ ಹೊರಡುವುದು, ಮತ್ತೆ ಹನ್ನೊಂದರ ನಿದ್ರೆಯನ್ನೇ ನೋಡುವುದು.

ಎರಡನೆಯದು ನಂಜನಗೂಡು. ಮೈಸೂರಿನಿಂದ ದಕ್ಷಿಣಕ್ಕೆ ಇಪ್ಪತ್ತೈದು ಕಿಲೋಮೀಟರಿನೊಳಗೆ. ಚಾಮರಾಜನಗರದ ರೈಲು ಹಾದುಹೋಗುವ ಊರಾದುದರಿಂದ ಸ್ವಂತ ವಾಹನವಿಲ್ಲದವರೂ ತಲಪಬಹುದು. ಶ್ರೀಕಂಠೇಶ್ವರನ ಯಾತ್ರಿಕರಿಗಾಗಿ ಮೊದಲಿನಿಂದಲೂ ವಸತಿಯ ಏರ್ಪಾಡು ಉಂಟು. ವೈಭವ ಕಡಿಮೆ, ಸಾಮೀಪ್ಯ ಹೆಚ್ಚು. ಯಾತ್ರಾಸ್ಥಳದಲ್ಲಿ ಬೆಳಗಿನ ಜಾವ ಏಳುವುದು ವಿಚಿತ್ರವೆನಿಸುವುದಿಲ್ಲ, ಊರೇ ಎದ್ದಿರುತ್ತದೆ. ಸಂಜೆ ಕೆರೆಯಿಂದ ಬಂದು ರಾತ್ರಿಯ ಊಟ ಮುಗಿಸುವುದಕ್ಕೂ ಹೊತ್ತು ಉಳಿಯುತ್ತದೆ. ಆದರೆ ಸೋಮವಾರ, ಹುಣ್ಣಿಮೆ ಮತ್ತು ಜಾತ್ರೆಯ ದಿನಗಳಲ್ಲಿ ಮುಂಚಿತವಾಗಿ ವಿಚಾರಿಸದೆ ಹೋಗಬಾರದು. ಕಪಿಲೆಯ ದಡದಲ್ಲಿಯೇ ಇರುವ ಸುತ್ತೂರಿನ ಜಾತ್ರೆಯೂ ಜನವರಿ, ಫೆಬ್ರವರಿಯ ನಡುವೆಯೇ ಬರುತ್ತದೆ. ಆ ಆರು ದಿನ ಲಕ್ಷಾಂತರ ಜನ ಸೇರುವುದರಿಂದ ಸುತ್ತಣ ದಾರಿಗಳೆಲ್ಲ ಕಿಕ್ಕಿರಿಯುತ್ತವೆ. ಜಾತ್ರೆ ನೋಡುವವರು ಜಾತ್ರೆಗೆಂದೇ ಹೋಗಲಿ. ಹಕ್ಕಿ ನೋಡುವವರು ಪಂಚಾಂಗ ನೋಡಿ ಹೊರಡಲಿ.

ಮೂರನೆಯದು ತಿ. ನರಸೀಪುರ. ಕಾವೇರಿ ಕಪಿಲೆಯರ ಸಂಗಮ, ಗುಂಜಾನರಸಿಂಹನ ದೇವಾಲಯ. ಸಮೀಪದಲ್ಲಿಯೇ ಸೋಮನಾಥಪುರದ ಕೇಶವಾಲಯ, ಮರಳಿನ ತಲಕಾಡು. ವಸತಿ ಮಿತವಾದದ್ದು. ಎರಡು ಹಗಲುಗಳ ನಡುವಿನ ಹೊತ್ತನ್ನು ಶಿಲ್ಪ, ನದಿ ನೋಡಿ ಕಳೆಯುವವರಿಗೆ ಇದು ಒಪ್ಪುತ್ತದೆ. 1989ರಿಂದ ಇಲ್ಲಿ ಮೂರು ವರ್ಷಕ್ಕೊಮ್ಮೆ ಎಂಬ ಕ್ರಮದಲ್ಲಿ ಕುಂಭಮೇಳ ನಡೆದುಬಂದಿದೆ. 2025ರ ಮೇಳ ಫೆಬ್ರವರಿಯಲ್ಲಿ ನಡೆಯಿತು. ಅಂಥ ವರ್ಷ ಆ ತಿಂಗಳಲ್ಲಿ ಕೊಠಡಿಯ ಆಸೆ ಬೇಡ.

ನಾಲ್ಕನೆಯದೊಂದು ಹೆಸರೂ ಅನೇಕರ ಬಾಯಲ್ಲಿ ಬರುತ್ತದೆ: ಕಬಿನಿ. 'ಹೇಗೂ ಅತ್ತ ಹೋಗುತ್ತೇವೆ, ಕಬಿನಿಯ ಕಾಡಿನ ವಸತಿಯಲ್ಲಿದ್ದು, ಆನೆಗಳ ಹಿಂಡನ್ನೂ ಹೆಬ್ಬಾತುಗಳನ್ನೂ ಒಟ್ಟಿಗೆ ನೋಡಿಬಿಡೋಣ' ಎಂದು ಯೋಜನೆ ಹಾಕುವವರುಂಟು. ಇದು ಆಫ್ರಿಕದಲ್ಲಿ ಆಗಸ್ಟ್ ತಿಂಗಳಿಗೆ ದಕ್ಷಿಣದ ಬಯಲು ಹಿಡಿದವನ ತಪ್ಪಿಗೆ ಸಮ. ನಂಜನಗೂಡಿನ ಕಪಿಲೆಯೂ ಕಬಿನಿಯೂ ಒಂದೇ ನದಿ ನಿಜ. ಆದರೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಅಣೆಕಟ್ಟಿನ ಹಿನ್ನೀರಿಗೆ ಆನೆಗಳು ದೊಡ್ಡ ಸಂಖ್ಯೆಯಲ್ಲಿ ನೆರೆಯುವುದು ಬೇಸಗೆಯಲ್ಲಿ. ಕಾಡಿನೊಳಗಣ ಹಳ್ಳಕೊಳ್ಳ ಬತ್ತಿ, ಹಿನ್ನೀರು ಇಳಿದು, ತೆರೆದ ನೆಲದಲ್ಲಿ ಹೊಸ ಹುಲ್ಲು ಚಿಗುರಿದಾಗ ನಾಗರಹೊಳೆ, ಬಂಡೀಪುರಗಳ ಆನೆಗಳು ಅಲ್ಲಿಗೆ ಬರುತ್ತವೆ. ಏಪ್ರಿಲ್, ಮೇ ತಿಂಗಳುಗಳೇ ಅದಕ್ಕೆ ಸರಿಯಾದ ಕಾಲ. ಆ ಹೊತ್ತಿಗೆ ಹೆಬ್ಬಾತುಗಳು ಹಿಮಾಲಯದ ಆಚೆ. 1980ರಲ್ಲಿ ಸ್ಥಾಪಿತವಾದ ರಾಜ್ಯ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಕಾರಾಪುರದಲ್ಲಿ, ಹಿಂದೆ ಮಹಾರಾಜರ ಬೇಟೆಯ ಬಿಡಾರವಿದ್ದ ತಾಣದಲ್ಲಿ ವಸತಿ ನಡೆಸುತ್ತಿದೆ. ಇತರ ವಸತಿಗಳೂ ಇವೆ. ಅವುಗಳಿಗೆ ಬೇಸಗೆಯ ರಜೆಯಲ್ಲಿ ಪ್ರತ್ಯೇಕವಾಗಿ ಹೋಗುವುದೇ ವಿವೇಕ. ಚಳಿಗಾಲದಲ್ಲಿ ಕಬಿನಿಯಲ್ಲಿ ದುಬಾರಿ ಬಾಡಿಗೆ ತೆತ್ತು, ಅಲ್ಲಿಂದ ಹದಿನಾರಿಗೆ ನಿತ್ಯ ಓಡಾಡುವುದು ಎರಡನ್ನೂ ಕಳೆದುಕೊಳ್ಳುವ ದಾರಿ.

* * *

ಈ ವರ್ಷ ಆ ಸಂಸಾರದಲ್ಲಿ ಮತ್ತೆ ಮಾತು ಎದ್ದಿತು. ಯಜಮಾನರು ಕೈಯಲ್ಲಿ ಮೊಬೈಲು ಹಿಡಿದು, ನೀರಿಗೆ ಎದುರಾಗಿ ಕಿಟಕಿಯಿರುವ ಕೊಠಡಿಗಾಗಿ ಹುಡುಕುತ್ತಿದ್ದರು.

"ಹಾಸಿಗೆಯಲ್ಲಿ ಮಲಗಿಕೊಂಡೇ ಹಕ್ಕಿ ನೋಡಬಹುದಾದ ಜಾಗ ಸಿಕ್ಕಿದರೆ ಎಷ್ಟು ಚೆನ್ನ!" ಎಂದರು.

"ಅಲ್ಲಾ ರೀ, ನೀವು ಹಾಸಿಗೆಯಲ್ಲಿ ಮಲಗಿ ನೋಡೋ ಹಾಗಿದ್ದರೆ, ಅವು ಎಲ್ಲಿ ಮಲಗಬೇಕು?" ಎಂದು ಗೃಹಿಣಿ ಕೇಳಿದರು.

ಹಾಸ್ಯಕ್ಕೆ ಆಡಿದ ಮಾತಾದರೂ ಅದರಲ್ಲಿ ಸತ್ಯವಿದೆ. ಹೆಬ್ಬಾತು ಹದಿನಾರನ್ನು ಆರಿಸಿಕೊಳ್ಳುವುದು ಯಾವ ಕಾರಣಕ್ಕೆ? ಕೆರೆಯಲ್ಲಿ ನೀರಿದೆ, ಸುತ್ತ ಗದ್ದೆಯಿದೆ, ಹಗಲು ನಿಶ್ಚಿಂತೆಯಿಂದ ಮಲಗಲು ತೆರೆದ ದಡವಿದೆ. ಈ ಮೂರರಲ್ಲಿ ಒಂದು ತಪ್ಪಿದರೂ ಅದು ಬೇರೆ ಕೆರೆ ಹುಡುಕುತ್ತದೆ. ಮಳೆ ಕಡಿಮೆಯಾಗಿ ಕೆರೆ ಬತ್ತಿದರೆ ಯಾರೂ ಏನೂ ಮಾಡಲಾಗದು. ಗದ್ದೆಯ ಕಾಳು, ಪೈರು ರೈತನ ಔದಾರ್ಯ. ತನ್ನ ಬೆಳೆಯಲ್ಲಿ ಪಾಲು ಹೋದರೂ ಸಹಿಸಿಕೊಳ್ಳುವವನು ಅವನು. ಪಟ್ಟಣದಿಂದ ಬರುವವರ ಕೈಯಲ್ಲಿರುವುದು ಮೂರನೆಯದು ಮಾತ್ರ. ಆ ನಿಶ್ಚಿಂತೆಯನ್ನು ಕೆಡಿಸದಿರುವುದಷ್ಟೇ ಅವರ ಪಾಲಿನ ಕೆಲಸ.

ಸಾವಿರಾರು ಮೈಲಿ ಹಾರಿ ಬಂದ ಹಕ್ಕಿಗೆ ಈ ನಾಲ್ಕು ತಿಂಗಳು ವಿಹಾರಕಾಲವಲ್ಲ. ಮರಳಿ ಪರ್ವತವನ್ನು ಏರಲು ಮೈಗೆ ಕೊಬ್ಬು ಕೂಡಿಸಿಕೊಳ್ಳುವ ಕಾಲ. ಒಮ್ಮೆ ಬೆದರಿ ಎದ್ದರೆ ಆ ಕೂಡಿಕೆಯಲ್ಲಿ ಒಂದಷ್ಟು ಖರ್ಚು. ದಿನಕ್ಕೆ ಹತ್ತು ಸಲ ಎದ್ದರೆ ಹತ್ತರಷ್ಟು. ಇಲ್ಲಿ ಚಪ್ಪಾಳೆ ತಟ್ಟಿದವನಿಗೆ, ಮಾರ್ಚಿಯಲ್ಲಿ ಹಿಮಾಲಯದ ಕಣಿವೆಯೊಂದರಲ್ಲಿ ರೆಕ್ಕೆ ಸೋತ ಹಕ್ಕಿ ಕಾಣುವುದಿಲ್ಲ. ಅದರಿಂದಲೇ ಅವನಿಗೆ ತಾನು ಮಾಡಿದ್ದು ಚಿಕ್ಕದೆಂದು ತೋರುತ್ತದೆ.

ಆದುದರಿಂದ ಹೋಗುವವರು ಕೆಲವು ನಿಯಮಗಳನ್ನು ಪಾಲಿಸಬೇಕು. ಗಾಢವಾದ ಕೆಂಪು, ಅಚ್ಚ ಬಿಳುಪು ಉಡುಪುಗಳಿಗೆ ಬದಲು ಮಣ್ಣಿನ ಬಣ್ಣದವು ಲೇಸು. ವಾಹನವನ್ನು ದೂರದಲ್ಲಿ ನಿಲ್ಲಿಸಿ, ಸದ್ದಿಲ್ಲದೆ ನಡೆದು, ಬೆಳಗಿನ ಸೂರ್ಯ ಬೆನ್ನಿಗೆ ಬರುವಂತೆ ಒಂದೆಡೆ ಕುಳಿತುಬಿಡಬೇಕು. ಎಂಟು ಅಥವಾ ಹತ್ತು ಪಟ್ಟು ಹಿಗ್ಗಿಸುವ ದುರ್ಬೀನು ಒಂದಿದ್ದರೆ ಇಡೀ ಮನೆಗೆ ಸಾಕು. ಕೊರಳು ನೀಡಿ ಹಿಂಡೆಲ್ಲ ಒಮ್ಮೆಗೇ ತಲೆಯೆತ್ತಿತೆಂದರೆ, ತುಂಬ ಸಮೀಪ ಬಂದೆವೆಂದು ತಿಳಿದು ನಾಲ್ಕು ಹೆಜ್ಜೆ ಹಿಂದೆ ಸರಿಯತಕ್ಕದ್ದು. ಗದ್ದೆಯ ಬದುವಿನ ಮೇಲೆ ಹೋಗುವಾಗ ರೈತನನ್ನು ಕೇಳಿ ಹೋಗುವುದು ಮರ್ಯಾದೆ. ಬುತ್ತಿಯ ಚಿತ್ರಾನ್ನ, ಫ್ಲಾಸ್ಕಿನ ಕಾಫಿ ಮನೆಯಿಂದಲೋ ಕೊಠಡಿಯಿಂದಲೋ ತರಬೇಕು. ತಂದ ಕಾಗದ, ಪ್ಲಾಸ್ಟಿಕ್ಕುಗಳನ್ನು ಮರಳಿ ಒಯ್ಯಬೇಕು. ಸತ್ತ ಹಕ್ಕಿಯಾಗಲಿ, ಬಿದ್ದ ಗರಿಯಾಗಲಿ ಮಕ್ಕಳು ಮುಟ್ಟದಂತೆ ನೋಡಿಕೊಳ್ಳಬೇಕು. 2005ರಲ್ಲಿ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರ ತಗಲಿ ಸಾವಿರಾರು ಹಕ್ಕಿಗಳು ಸತ್ತಾಗ ಹೆಚ್ಚು ನಷ್ಟಕ್ಕೆ ಗುರಿಯಾದವುಗಳಲ್ಲಿ ಈ ಹೆಬ್ಬಾತು ಮುಖ್ಯವಾದದ್ದು.

ಕೊನೆಗೆ ಆ ಸಂಸಾರದಲ್ಲಿ ತೀರ್ಮಾನವಾದದ್ದು ಹೀಗೆ. ಶುಕ್ರವಾರ ಮಧ್ಯಾಹ್ನ ಬೆಂಗಳೂರು ಬಿಡುವುದು. ನಂಜನಗೂಡಿನಲ್ಲಿ ಎರಡು ರಾತ್ರಿ. ಶನಿವಾರ ಬೆಳಗಿನ ಜಾವ ಕೆರೆ. ಹಗಲು ಅಜ್ಜಿಗೆ ಶ್ರೀಕಂಠೇಶ್ವರನ ದರ್ಶನ, ಉಳಿದವರಿಗೆ ನಿದ್ರೆ. ಸಂಜೆ ಮತ್ತೆ ಕೆರೆ. ಭಾನುವಾರ ಸೋಮನಾಥಪುರದ ಮಾರ್ಗವಾಗಿ ಮನೆಗೆ. ಕಿಟಕಿಯಿಂದ ನೀರು ಕಾಣುವ ಕೊಠಡಿ ಸಿಗಲಿಲ್ಲ. ಸಿಕ್ಕಿದ ಕೊಠಡಿಯ ಕಿಟಕಿಗೆ ಕಾಣುತ್ತಿದ್ದದ್ದು ಎದುರುಮನೆಯ ಗೋಡೆ, ಅದರ ಮೇಲೊಂದು ನೀರಿನ ತೊಟ್ಟಿ.

ಶನಿವಾರ ಸಂಜೆ ಅವರು ಏರಿಯ ಒಂದು ಬದಿಯಲ್ಲಿ, ಹುಣಿಸೆಯ ಮರದ ಕೆಳಗೆ ಕುಳಿತಿದ್ದರು. ಸೂರ್ಯ ಮುಳುಗಿತು. ಬಹಳ ಹೊತ್ತು ಏನೂ ನಡೆಯಲಿಲ್ಲ. ಯಜಮಾನರು ಗಡಿಯಾರ ನೋಡಿಕೊಂಡರು. ಆಮೇಲೆ ದೂರದ ದಡದಲ್ಲಿ ಒಂದು ಕೂಗು, ಅದಕ್ಕೆ ಮತ್ತೊಂದು, ಹತ್ತಾರು ಹಕ್ಕಿಗಳು ಎದ್ದು ಅವರ ತಲೆಯ ಮೇಲೆಯೇ, ರೆಕ್ಕೆಯ ಸದ್ದು ಕೇಳುವಷ್ಟು ತಗ್ಗಿನಲ್ಲಿ, ಗದ್ದೆಗಳ ಕಡೆ ಹಾರಿದವು. ಅದರ ಹಿಂದೆ ಇನ್ನೊಂದು ಗುಂಪು, ಮತ್ತೊಂದು ಗುಂಪು. ಕತ್ತಲಾಗುವವರೆಗೂ ಅದು ನಡೆಯಿತು.

"ಅಜ್ಜೀ, ಇವತ್ತು ನಾವು ಓಡಿಸಲಿಲ್ಲ, ಅವೇ ಹೋದವು ಅಲ್ವಾ?" ಎಂದು ಮಗು ಪಿಸುಮಾತಿನಲ್ಲಿ ಕೇಳಿತು.

"ಊಟಕ್ಕೆ ಹೋದವು ಕಣೇ ಪುಟ್ಟಿ. ಬೆಳಗ್ಗೆ ಬರ್ತಾವೆ" ಎಂದರು ಅಜ್ಜಿ.

ಭಾನುವಾರದ ಯೋಜನೆಯಲ್ಲಿ ಆ ರಾತ್ರಿಯೇ ಒಂದು ತಿದ್ದುಪಡಿಯಾಯಿತು. ಸೋಮನಾಥಪುರ ನಿಧಾನವಾಗಿಯೇ ಆಗಬಹುದು, ಮೊದಲು ಕೆರೆಗೆ ಹೋಗಿ ಬರತಕ್ಕದ್ದೆಂದು, ಅಲಾರಂ ಅನ್ನು ಯಜಮಾನರೇ ಐದು ಗಂಟೆಗೆ ಇಟ್ಟರು.